ದ್ವಾರಪಾಲಕನ ಮೂಗು

ಕಂಬದಹಾಳದ ಕಲ್ಲೇಶ್ವರ ಗುಡಿಯಲ್ಲಿ ಎಡಗಡೆ ನಿಂತ ದ್ವಾರಪಾಲಕನಿಗೆ ಮೂಗಿರಲಿಲ್ಲ. ಅದು ಯಾವ ಕಾಲದಲ್ಲಿ ಹೋಯಿತು, ಯಾರು ಒಡೆದರು ಎಂಬುದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಮೂಗಿಲ್ಲದೆಯೇ ಅವನು ನೂರಾರು ವರ್ಷ ಗದೆ ಹಿಡಿದು, ಒಂದು ಕಾಲು ಡೊಂಕು ಮಾಡಿಕೊಂಡು ನಿಂತಿದ್ದ. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಮಂಗಳವಾರ ಬೆಳಿಗ್ಗೆ, ಅವನಿಗೆ ಮೂಗು ಬಂದಾಗ.

ಆ ಮೂಗನ್ನು ಕಂಡು ಎದೆ ಧಸಕ್ಕೆಂದದ್ದು ಗಾಳೇಶನಿಗೆ. ಗಾಳೇಶ ಗುಡಿಯ ಕಾವಲುಗಾರ. ಒಂಬತ್ತು ವರ್ಷದಿಂದ ದಿನಗೂಲಿ. ಸೇರಿದ ದಿನ ಇಲಾಖೆಯವರು ಒಂದು ಖಾಕಿ ಅಂಗಿ ಕೊಟ್ಟು, "ಇವತ್ತಲ್ಲ ನಾಳೆ ಖಾಯಂ ಆಗ್ತೀ" ಎಂದಿದ್ದರು. ಆ ಅಂಗಿ ಹರಿದು, ಅವನ ಹೆಂಡತಿ ರೂಪಾಳ ಕೈಯಲ್ಲಿ ಮಸಿಅರಿವೆಯಾಗಿ ಎರಡು ವರ್ಷವಾಯಿತು. ನಾಳೆ ಮಾತ್ರ ಬಂದಿರಲಿಲ್ಲ. ಈಗ ಕೊನೆಗೂ ಬಂದಿತ್ತು. ಇವತ್ತು ಹನ್ನೊಂದಕ್ಕೆ ಕೊಪ್ಪಳದಿಂದ ತಪಾಸಣೆಯ ಸಾಹೇಬರು ಬರುವವರಿದ್ದರು. ಗುಡಿಯ ಒಂದೊಂದು ಶಿಲ್ಪವನ್ನೂ ಇಲಾಖೆಯ ಪಟ್ಟಿಯ ಜೊತೆ ತಾಳೆ ನೋಡಿ, ಎಲ್ಲ ಸರಿ ಇದೆ ಎಂದು ಬರೆದರೆ ಗಾಳೇಶ ಖಾಯಂ. ಮೆಣಸಿನಕಾಯಿ ಬಿಡಿಸುವ ಕೂಲಿಗೆ ಇನ್ನು ಹೋಗುವುದಿಲ್ಲ ಎಂದು ರೂಪಾ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಾಗಿತ್ತು.

ಈ ಸಲುವಾಗಿಯೇ ಗಾಳೇಶ ಸೋಮವಾರ ಹೇಮಗುಡ್ಡದ ದುರ್ಗಮ್ಮನಿಗೆ ಕಾಯಿ ಒಡೆಸಲು ಹೋಗಿದ್ದ. ರಾತ್ರಿ ಗಂಗಾವತಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದು ಮೊದಲ ಬಸ್ಸಿಗೆ ಬಂದ. ಹೋಗುವಾಗ ಗುಡಿಯ ಕೀಲಿಯನ್ನು, ಸಂಜೆ ದೀಪ ಹಚ್ಚಲಿ ಎಂದು, ಗುಡಿ ಕಮಿಟಿಯ ಅಧ್ಯಕ್ಷ ಹಂಪಣ್ಣನ ಕೈಗೆ ಕೊಟ್ಟಿದ್ದ. ಬುದ್ಧಿ ಇದ್ದವನು ಮಾಡುವ ಕೆಲಸವೇ ಅದು? ತೋಳಕ್ಕೆ ಕುರಿ ಕಾಯಲು ಹೇಳಿದರೂ ನಡೆದೀತು. ಈ ಊರಲ್ಲಿ ಉಪಕಾರ ಮಾಡುವ ಹುಚ್ಚಿರುವವನ ಕೈಗೆ ಕೀಲಿ ಕೊಡಬಾರದು.

ಮೂಗು ಬದನೆಕಾಯಿಯಷ್ಟಿತ್ತು. ಕಪ್ಪು ಕಲ್ಲಿನ ಮುಖದ ಮೇಲೆ ಬೂದಿ ಬಣ್ಣದ ಸಿಮೆಂಟು. ಮೆತ್ತಿದವನು ಧಾರಾಳಿ, ಮೂಗಿನಿಂದ ಇಳಿದ ಸಿಮೆಂಟು ತುಟಿಗಳ ಮೇಲೂ ಹರಡಿಕೊಂಡಿತ್ತು. ಹೊಳ್ಳೆಗಳನ್ನು ಕಿರುಬೆರಳಿನಿಂದ ತಿವಿದು ಮಾಡಿದ್ದು ಕಾಣುತ್ತಿತ್ತು.

ಗಾಳೇಶನ ಮೈಯೆಲ್ಲ ಉರಿಯಿತು. ಉರಿಯಬೇಕಾದ್ದೇ. ಆ ಗುಡಿ ಏನು ಸಾಮಾನ್ಯದ್ದೇ? ತಿರುಗಣಿಗೆ ಹಾಕಿ ತಿರುಗಿಸಿ ಮಾಡಿದ ಬಳಪದ ಕಲ್ಲಿನ ಕಂಬಗಳು, ಎದುರು ನಿಂತರೆ ಮುಖ ಕಾಣುವ ಹೊಳಪು. ಬಾಗಿಲವಾಡದ ಸುತ್ತ ಐದು ಪಟ್ಟಿ ಕೆತ್ತನೆ, ಬಳ್ಳಿಯದೊಂದು, ಹಂಸದ್ದೊಂದು, ಕುಣಿಯುವವರದೊಂದು. ದ್ವಾರಪಾಲಕನ ಕೊರಳ ಹಾರದಲ್ಲಿ ಎಷ್ಟು ಮಣಿ ಎಂದು ಕೇಳಿದರೆ ಗಾಳೇಶ ನಿದ್ದೆಗಣ್ಣಲ್ಲೂ ನಲವತ್ತೊಂದು ಎನ್ನುತ್ತಾನೆ. ಮಣಿ ಮಣಿಯ ನಡುವೆ ದಾರ ಹಾಯುವಷ್ಟು ಸಂದು ಬಿಟ್ಟು ಕೆತ್ತಿದ್ದಾನೆ ಆ ಪುಣ್ಯಾತ್ಮ. ಉಗುರಿನಿಂದ ಗೀರಿದರೂ ಗೀರು ಬೀಳುವ ಮೆತ್ತನೆಯ ಕಲ್ಲದು. ಗೀರು ಬೀಳಬಾರದು ಎಂದು ಗಾಳೇಶ ಒಂಬತ್ತು ವರ್ಷ ಊರ ಹುಡುಗರ ಬೆನ್ನು ಹತ್ತಿದ್ದ. ಅಂಥ ಮುಖದ ಮೇಲೆ ಬಚ್ಚಲು ಕಟ್ಟುವ ಸಿಮೆಂಟು!

ಅವನು ನೆಟ್ಟಗೆ ಹೋದದ್ದು ಗೌಂಡಿ ರುದ್ರೇಶನ ಮನೆಗೆ. ಕಂಬದಹಾಳದಲ್ಲಿ ಮನೆ ಕಟ್ಟುವವನೂ ಅವನೇ, ಮಾಳಿಗೆಯ ಮೇಲೆ ಸಿಮೆಂಟಿನ ಸಿಂಹ ಕೂರಿಸುವವನೂ ಅವನೇ. ಸಿಂಹಗಳು ಮಾತ್ರ ಎಲ್ಲ ಬೆಕ್ಕಿನ ಹಾಗಿರುತ್ತವೆ. ರುದ್ರೇಶ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ.

"ಬಾರಲೇ ಗಾಳ್ಯಾ. ನೋಡಿದೇನು ಮೂಗು? ಹೆಂಗ ಕುಂತೈತಿ?"

"ನಿನ್ನ ಕೈ ಕಡೀಬೇಕಲೇ! ಯಾರನ್ನ ಕೇಳಿ ಹಚ್ಚಿದಿ?"

"ಹಂಪಣ್ಣ ಸಾವ್ಕಾರ್ರು ಹೇಳಿದ್ರು. ದೊಡ್ಡ ಸಾಹೇಬ್ರು ಬರಾಕತ್ತಾರ, ಬಾಗಲದಾಗ ಮೂಗಿಲ್ಲದಂವ ನಿಂತ್ರ ಊರ ಮರ್ಯಾದಿ ಏನು ಉಳೀತೈತಿ ಅಂದ್ರು. ಖರೇನ ಐತೆಲ್ಲ?"

"ತಗೀ ಅದನ್ನ. ಈಗಿಂದೀಗ ತಗೀ."

ರುದ್ರೇಶ ರೊಟ್ಟಿಯ ತುಂಡನ್ನು ಶೇಂಗಾ ಚಟ್ನಿಯಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡ. "ತಗ್ಯಾಕ ಬರೂದಿಲ್ಲಪಾ. ನೀರಿನ ಟಾಕಿ ಸೋರಿದ್ರ ಹಾಕ್ತೀವಲ್ಲ, ಆ ಅಂಟು ಕೂಡಿಸೀನಿ. ನಾಳಿ ಪ್ರಳಯ ಆದ್ರೂ ಗುಡಿ ಹೋಗತೈತಿ, ಮೂಗು ಉಳೀತೈತಿ."

ಗಾಳೇಶ ಅಲ್ಲಿಂದ ಹಂಪಣ್ಣನ ಗೊಬ್ಬರದಂಗಡಿಗೆ ಓಡಿದ. ಹಂಪಣ್ಣ ಆಗತಾನೆ ಲಕ್ಷ್ಮಿಯ ಫೋಟೋಕ್ಕೆ ಊದಿನಕಡ್ಡಿ ಬೆಳಗುತ್ತಿದ್ದ. ಊರಲ್ಲಿ ಯಾರ ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು, ಯಾರ ಮಗಳನ್ನು ಎಲ್ಲಿಗೆ ಕೊಡಬೇಕು, ಎಲ್ಲ ಅವನೇ ಹೇಳಬೇಕು. ಯಾರೂ ಕೇಳದಿದ್ದರೂ ಹೇಳುತ್ತಾನೆ.

"ಸಾವ್ಕಾರ್ರ, ಏನು ಮಾಡಿಬಿಟ್ರಿ ಇದು! ಪಟ್ಟಿಯೊಳಗ ಮೂಗಿಲ್ಲ ಅಂತ ಬರದೈತ್ರಿ!"

"ಅದಕ್ಕನ ಹಚ್ಚಿಸೀನೋ ಹುಚ್ಚಾ," ಎಂದ ಹಂಪಣ್ಣ ಅತ್ಯಂತ ಪ್ರೀತಿಯಿಂದ. "ನಿನಗ ಛಲೋ ಆಗಲಿ ಅಂತ. ಎಲ್ಲಾ ಊರಾಗ ಕಾವಲುಗಾರರು ಇದ್ದದ್ದನ್ನ ಕಳೀತಾರ. ನೀ ಇಲ್ಲದ್ದನ್ನ ಸೈತ ಕೂಡಿಸಿ ಇಟ್ಟೀ ಅಂತ ಸಾಹೇಬ್ರು ಖುಷ್ ಆಗತಾರ."

"ಖುಷ್ ಆಗೂದಿಲ್ರಿ, ನನ್ನ ಮನೀಗೆ ಕಳಸ್ತಾರ!"

"ಉಪಕಾರ ಮಾಡಿದ್ರ ಮೈ ಮ್ಯಾಲ ಬರ್ತಿಯಲ್ಲೋ," ಹಂಪಣ್ಣನ ಮುಖ ಬಿಗಿಯಿತು. "ಗ್ರಾನೈಟ್ ಕಲ್ಲಿಗೆ ಹೇಳಿನೂ ಆಗೇತಿ. 'ಮೂಗಿನ ಸೇವೆ: ಹಂಪಣ್ಣ ಮತ್ತು ಕುಟುಂಬದವರು' ಅಂತ ಬರೆಸಿ ಅವನ ಕಾಲಾಗ ಕುಂದರಸ್ತೀನಿ. ಆ ಮೂಗಿಗೆ ಯಾವನಾರ ಕೈ ಹಚ್ಚಿದ್ರ ನನ್ನ ಮೂಗಿಗೆ ಕೈ ಹಚ್ಚಿದಂಗ. ತಿಳಕೋ."

ಗಾಳೇಶ ಹಲ್ಲು ಕಡಿಯುತ್ತ ಗುಡಿಗೆ ಮರಳುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು, ಬಾಗಿಲಲ್ಲಿ ಹತ್ತಿಪ್ಪತ್ತು ಮಂದಿ ಸೇರಿದ್ದರು. ಎಲ್ಲರ ಮುಂದೆ ಮುದಕಮ್ಮ. ಎಂಬತ್ತು ದಾಟಿದ ಮುದುಕಿ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ನೀಲಗಿರಿ ಎಣ್ಣೆಯ ಶೀಶೆ. ಎಣ್ಣೆಯನ್ನು ದ್ವಾರಪಾಲಕನ ಹೊಸ ಮೂಗಿಗೆ ತಿಕ್ಕುತ್ತಿದ್ದಳು.

"ಆಯಿ! ಏನು ಮಾಡಾಕತ್ತೀಬೇ?"

"ನಸೀಕಿನ್ಯಾಗ ಬಂದು ಇವನ ಮೂಗು ಮುಟ್ಟಿ ನನ್ನ ಮೂಗು ಮುಟ್ಟಿಕೊಂಡೆ ನೋಡಪಾ. ಹದಿನೈದು ದಿನದ ನೆಗಡಿ ಹಾರಿ ಹೋತು! ಅದಕ್ಕ ಎಣ್ಣಿ ಸೇವಾ ಮಾಡಾಕತ್ತೀನಿ."

ಅವಳ ಹಿಂದೆ ನಿಂತವರೆಲ್ಲ ಮೂಗು ಸೊರಸೊರ ಎಳೆಯುತ್ತಿದ್ದರು. ಊರಲ್ಲಿ ಇಷ್ಟು ನೆಗಡಿ ಇದೆಯೆಂದು ಗಾಳೇಶನಿಗೆ ಗೊತ್ತಿರಲಿಲ್ಲ.

"ಅದು ದೇವರಲ್ಲ! ಸಿಮೆಂಟ್! ಬರೇ ಸಿಮೆಂಟ್!" ಎಂದು ಅರಚಿದ.

"ಕೆಟ್ಟ ಬಾಯಿ ಬಿಡಬ್ಯಾಡ," ಮುದಕಮ್ಮ ಕೋಲೆತ್ತಿದಳು. "ನಂಬಿಗಿ ಇಲ್ಲದಂವಗ ಎಲ್ಲಾ ಸಿಮೆಂಟನ."

ಅಷ್ಟರಲ್ಲಿ ರೂಪಾ ಬುತ್ತಿ ಹಿಡಿದುಕೊಂಡು ಬಂದಳು. ಗಂಡನ ಮುಖ ಕಾದ ಹಂಚಿನಂತೆ ಕೆಂಪಗಾಗಿದ್ದನ್ನು ನೋಡಿ ಪಕ್ಕಕ್ಕೆ ಕರೆದಳು. "ಸಮಾಧಾನ ಮಾಡ್ಕೋರಿ. ಇವತ್ತೊಂದಿನ ಸಿಟ್ಟಿಗೇಳಬ್ಯಾಡ್ರಿ. ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದ ಮ್ಯಾಲ ಬರತೈತೇನು?"

"ಬಂದೈತೆಲ್ಲ! ಬಂದದ್ದನ ನನ್ನ ತ್ರಾಸು!" ಎಂದ ಗಾಳೇಶ.

ಹನ್ನೊಂದಕ್ಕೆ ಸರಿಯಾಗಿ ಜೀಪು ಬಂತು. ಇಳಿದವರು ಗೋವಿಂದರಾಜ ಸಾಹೇಬರು. ಇನ್ನು ಆರು ತಿಂಗಳಿಗೆ ನಿವೃತ್ತಿ. ಮೂವತ್ತು ವರ್ಷ ಗುಡಿಗಳ ಲೆಕ್ಕ ಇಟ್ಟವರು, ಆದರೆ ಒಂದು ಗುಡಿಯನ್ನೂ ತಲೆಯೆತ್ತಿ ನೋಡಿದವರಲ್ಲ. ಅವರ ಕಣ್ಣು ಯಾವಾಗಲೂ ಕೈಯಲ್ಲಿರುವ ಪಟ್ಟಿಯ ಮೇಲೆ. ಕಲ್ಲು ಸುಳ್ಳು ಹೇಳಬಹುದು, ಕಾಗದ ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ಗಾಳೇಶನಿಗೆ ಇದು ಗೊತ್ತಿತ್ತು, ಅದೊಂದೇ ಆಸೆ.

"ತಿರುಗಣಿ ಕಂಬ ನಾಕು," ಎಂದರು ಸಾಹೇಬರು.

"ಅದಾವ್ರಿ."

"ಜಾಲಂದರದ ಕಿಟಕಿ ಎರಡು. ಬಾಗಿಲವಾಡ ಒಂದು, ಐದು ಪಟ್ಟಿ. ನಂದಿ, ಕಿವಿ ಭಗ್ನ."

"ಭಗ್ನ ಐತ್ರಿ ಸಾಹೇಬ್ರ, ಪೂರ್ತಿ ಭಗ್ನ!" ಎಂದ ಗಾಳೇಶ ಸಂತೋಷದಿಂದ. ಸಾಹೇಬರು ನೋಡದೆಯೇ ಗುರುತು ಹಾಕುತ್ತ ನಡೆದರು. ಬಾಗಿಲು ದಾಟುವಾಗ ಅವರ ಕೈಯಲ್ಲಿದ್ದ ಪಟ್ಟಿಯ ರಟ್ಟು ಏನಕ್ಕೋ ಬಡಿದು ಕೆಳಗೆ ಬಿತ್ತು. ಮೂಗು ಅಷ್ಟು ಮುಂದೆ ಬಂದಿತ್ತು. ಸಾಹೇಬರು ಮೂವತ್ತು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ಒಂದು ಶಿಲ್ಪವನ್ನು ನೋಡಿದರು.

"ಎಡ ದ್ವಾರಪಾಲಕ. ಮೂಗು ಭಗ್ನ," ಎಂದು ಓದಿದರು. ಮತ್ತೆ ನೋಡಿದರು. "ಮೂಗೈತಿ."

"ಐತ್ರಿ."

"ಇಲ್ಲ ಅಂತ ಬರದೈತಿ."

"ಹೌದ್ರಿ, ಆದ್ರ..."

"ಹಂಗಾದ್ರ ಇಂವ ಅಂವಲ್ಲ. ಮೂಲ ಮೂರ್ತಿ ಎಲ್ಲೈತಿ? ಯಾರಿಗೆ ಮಾರಿದಿ?"

ಗಾಳೇಶ ಮೂರ್ತಿಯ ಕಡೆ ಕೈ ಮಾಡಿದ. "ಸಾಹೇಬ್ರ, ಅದನ ಮೂರ್ತಿ ಇದು! ನಿನ್ನಿ ನಾ ಇಲ್ಲದಾಗ ಊರವರು ಸಿಮೆಂಟ್ ಮೂಗು ಹಚ್ಯಾರ್ರಿ. ಬೇಕಾದ್ರ ಕೇಳ್ರಿ, ಇಲ್ಲೇ ಅದಾರ ಎಲ್ಲಾರೂ!"

ಸಾಹೇಬರು ಜನರ ಕಡೆ ತಿರುಗಿದರು. "ಸಂರಕ್ಷಿತ ಗುಡಿ ಇದು. ಕೈ ಹಚ್ಚಿದವರಿಗೆ ಜೈಲೈತಿ. ಯಾರು ಹಚ್ಚಿದ್ರಿ ಮೂಗು?"

ಜೈಲು ಎಂಬ ಮಾತು ಕೇಳಿದ್ದೇ ತಡ, ಸೊರಸೊರ ಎನ್ನುತ್ತಿದ್ದ ಮೂಗುಗಳೂ ಸುಮ್ಮನಾದವು. ರುದ್ರೇಶ ಸಿಮೆಂಟು ಮೆತ್ತಿದ ಉಗುರುಗಳನ್ನು ಬೆನ್ನ ಹಿಂದೆ ಮುಚ್ಚಿಕೊಂಡ. ಬೆಳಗಿನಿಂದ ಊರಿಗೆಲ್ಲ ಮೂಗಿನ ಸೇವೆ ಸಾರಿದ್ದ ಹಂಪಣ್ಣ ಕೆಮ್ಮಿ ಮುಂದೆ ಬಂದ.

"ಯಾವ ಮೂಗ್ರಿ? ಅದು ಹುಟ್ಟಾನ ಐತ್ರಿ. ನಮ್ಮ ಮುತ್ಯಾ ಹೇಳ್ತಿದ್ದ, ಈ ಮೂಗು ನೋಡಾಕ ಬಾದಾಮಿಯಿಂದ ಮಂದಿ ಬರ್ತಿದ್ರಂತ."

"ನಾ ಮದಿವ್ಯಾಗಿ ಬಂದಾಗೂ ಇತ್ತು," ಎಂದಳು ಮುದಕಮ್ಮ ಎದೆ ತಟ್ಟಿಕೊಂಡು. "ಕಲ್ಲೇಶ್ವರನ ಆಣಿ ಮಾಡಿ ಹೇಳ್ತೀನಿ."

ಒಬ್ಬರಾದರೂ, ಊರಲ್ಲಿ ಒಬ್ಬರೇ ಒಬ್ಬರಾದರೂ ಖರೆ ಹೇಳಬಾರದೇ! ಇವರ ಮಕ್ಕಳಿಗೆ ಗಾಳೇಶ ಒಂಬತ್ತು ವರ್ಷ ಆ ಗುಡಿಯ ಕತೆ ಹೇಳಿದ್ದ, ಇವರ ಮನೆಗೆ ಬೀಗರು ಬಂದಾಗಲೆಲ್ಲ ಕರೆದುಕೊಂಡು ಹೋಗಿ ಕಂಬ ತೋರಿಸಿದ್ದ. ಎಲ್ಲರೂ ನೆಲ ನೋಡುತ್ತ ನಿಂತರು.

"ಸಾಹೇಬ್ರ ಊಟದ ಹೊತ್ತಾತು," ಎಂದ ಹಂಪಣ್ಣ. "ಮನ್ಯಾಗ ಹೋಳಿಗಿ ಮಾಡಸೀನಿ, ಬರ್ರಿ."

ಸಾಹೇಬರು ಗಾಳೇಶನತ್ತ ಬೆರಳು ಮಾಡಿದರು. "ಮೂರಕ್ಕ ಬರತೀನಿ. ಮೂಲ ಮೂರ್ತಿ ತೋರಸಬೇಕು. ಇಲ್ಲಾಂದ್ರ ಮೂರ್ತಿ ಕಳವು ಅಂತ ಪೊಲೀಸರಿಗೆ ಬರೀತೀನಿ. ಖಾಯಂ ಮಾತು ಆಮ್ಯಾಲ."

ಜನ ಚದುರಿದರು. ಗುಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ರುದ್ರೇಶ ಗಡಿಬಿಡಿಯಲ್ಲಿ ಬಿಟ್ಟುಹೋದ ಹತ್ಯಾರದ ಚೀಲ ಕಂಬದ ಬುಡದಲ್ಲಿತ್ತು. ಗಾಳೇಶ ಅದರಿಂದ ಉಳಿ, ಸುತ್ತಿಗೆ ತೆಗೆದ.

"ಬ್ಯಾಡ್ರಿ," ಎಂದಳು ರೂಪಾ.

"ಬ್ಯಾಡ ಅಂದ್ರ ಏನು ಮಾಡ್ಲಿ? ಮೂಗು ಒಡದು ಒಳಗ ಸಿಮೆಂಟ್ ತೋರಿಸಿದ್ರನ ಅಂವ ನಂಬೂದು. ಇದ್ದವರೆಲ್ಲ ಸುಳ್ಳು ಹೇಳಿದ್ರು. ಈಗ ಖರೆ ಹೇಳಂವ ಇಂವ ಒಬ್ಬನ."

ಮೂರ್ತಿಯ ಎದುರು ನಿಂತವನಿಗೆ ಕೈ ಏಳಲಿಲ್ಲ. ಒಬ್ಬ ಹುಡುಗ ಮೊಳೆಯಿಂದ ಹೆಸರು ಗೀಚಿದ್ದಕ್ಕೆ ಅವನ ಅಪ್ಪನ ಜೊತೆ ಹೊಡೆದಾಡಿದ ಗಾಳೇಶ ಇವನು. "ತಪ್ಪಾತಪಾ, ಹೊಟ್ಟ್ಯಾಗ ಹಾಕೋ," ಎಂದು ದ್ವಾರಪಾಲಕನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಹಂಪಣ್ಣನನ್ನು ನೆನೆದ, ಏಟು ಹಾಕಿದ. ಏನೂ ಆಗಲಿಲ್ಲ. ಮುದಕಮ್ಮನ ಆಣೆಯನ್ನು ನೆನೆದು ಇನ್ನೊಂದು. ಮೂಗು ಅಲುಗಲಿಲ್ಲ, ನೀರಿನ ಟಾಕಿಯ ಅಂಟಲ್ಲವೇ! ಬೆನ್ನ ಹಿಂದೆ ಕೈ ಮುಚ್ಚಿಕೊಂಡ ರುದ್ರೇಶನನ್ನು ನೆನೆದು, ಒಂಬತ್ತು ವರ್ಷದ ದಿನಗೂಲಿಯನ್ನೂ ನೆನೆದು, ಕಣ್ಣು ಮುಚ್ಚಿ ಮೂರನೆಯ ಏಟು ಹಾಕಿದ. ಟಪ್ ಎಂದು ಮೂಗು ಕಿತ್ತು ಅವನ ಅಂಗೈಗೆ ಬಿತ್ತು.

ಒಳಗೆಲ್ಲ ಬೂದಿ ಬಣ್ಣ. ಸಿಮೆಂಟು!

"ಸಿಕ್ತು ಖರೆ!" ಎಂದು ಕೂಗಿ, ಮೂಗನ್ನು ಮುಷ್ಟಿಯಲ್ಲಿ ಹಿಡಿದು ಓಡಿದ. ತಿರುಗಿ ನೋಡಲಿಲ್ಲ. ಹಂಪಣ್ಣನ ಪಡಸಾಲೆಯಲ್ಲಿ ಸಾಹೇಬರು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಗಾಳೇಶ ಮುಷ್ಟಿ ಬಿಚ್ಚಿದ.

"ನೋಡ್ರಿ ಸಾಹೇಬ್ರ, ನಿಮ್ಮ ಕಣ್ಣಾರೆ ನೋಡ್ರಿ! ಇದು ಹುಟ್ಟಾ ಮೂಗೇನ್ರಿ?"

ಹಂಪಣ್ಣನ ಕೈಯಲ್ಲಿದ್ದ ತುಪ್ಪದ ಗಿಂಡಿ ಅಲ್ಲೇ ನಿಂತಿತು. ಸಾಹೇಬರು ಎಡಗೈಯಿಂದ ಮೂಗು ತಗೊಂಡು ಕನ್ನಡಕದ ಹತ್ತಿರ ಹಿಡಿದರು. "ಹೌದಲ್ಲ. ಸಿಮೆಂಟ್ ಐತಿ," ಎಂದರು. "ಹಂಗಾದ್ರ ಮೂರ್ತಿ ಅದನ. ಮೂಗು ಭಗ್ನ, ಸರಿ." ಅಲ್ಲೇ ಪೆನ್ನು ತೆಗೆದು ಗುರುತು ಹಾಕಿದರು. ಗಾಳೇಶ ಗೋಡೆಗೆ ಒರಗಿ ಉಸಿರು ಬಿಟ್ಟ. ಬೆಳಗಿನಿಂದ ಮೊದಲ ಸಲ ಅವನಿಗೆ ಹಸಿವಾಯಿತು.

ಸಾಹೇಬರು ಮೂಗನ್ನು ಹಿಂದೆ ಮುಂದೆ ಹೊರಳಿಸುತ್ತಿದ್ದರು. "ಇದೇನಿದು, ಕೆಳಗ ಕರ್ರಗ ಅಂಟೈತಿ?" ಎಂದು ಉಗುರಿನಿಂದ ಕೆರೆದರು. ತೆಳ್ಳನೆಯ ಕಪ್ಪು ಚಕ್ಕೆಯೊಂದು ಪುಡಿಪುಡಿಯಾಗಿ ಬಾಳೆ ಎಲೆಯ ಮೇಲೆ ಉದುರಿತು. ಗಾಳೇಶ ಎಲೆಯ ಮೇಲೆ ಬಗ್ಗಿದ. ಪುಡಿಯ ನಡುವೆ ಉಳಿದ ಒಂದು ಚೂರು ಅವನಿಗೆ ಗುರುತು ಸಿಕ್ಕಿತು. ಕೆಟ್ಟ ಗಟ್ಟಿ ಸಿಮೆಂಟು ಬರುವಾಗ ಮೆತ್ತನೆಯ ಕಲ್ಲನ್ನೂ ಕಿತ್ತುಕೊಂಡು ಬಂದಿತ್ತು.

ಎಲ್ಲರೂ ಗುಡಿಗೆ ಬಂದು ನೋಡಿದರು. ದ್ವಾರಪಾಲಕನಿಗೆ ಮೂಗಿರಲಿಲ್ಲ, ತುಟಿಯೂ ಇರಲಿಲ್ಲ. ಬಾಯಿ ಇದ್ದಲ್ಲಿ ಬಿಳಿ ಗಾಯ. ರೂಪಾ ಸೆರಗು ಬಾಯಿಗೊತ್ತಿ ಕಂಬದ ಬುಡದಲ್ಲಿ ಕೂತಿದ್ದಳು. ಗಾಳೇಶನ ಕಣ್ಣಲ್ಲಿ ನೀರು ಬಂತು. ನೌಕರಿಗಾಗಿ ಬಂದ ನೀರಲ್ಲ ಅದು.

ಸಾಹೇಬರು ಕಾಗದ ಓದಿದರು. "ಎಡ ದ್ವಾರಪಾಲಕ. ಮೂಗು ಭಗ್ನ. ತುಟಿ ಸುಸ್ಥಿತಿ, ಮಂದಹಾಸ." ಮೇಲೆ ನೋಡಿದರು. "ತುಟಿ ಇಲ್ಲ."

"ಸಾಹೇಬ್ರ, ಈಗ ನಿಮ್ಮ ಕೈಯಾಗ..."

"ಐತಿ ಅಂತ ಬರದೈತಿ. ಹಂಗಾದ್ರ ಇಂವನೂ ಅಂವಲ್ಲ."

ಗಾಳೇಶ ಬಾಯಿ ತೆರೆದ. ಹಂಪಣ್ಣ ಸಾಹೇಬರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಮೂರ್ತಿ ಕಳವೆಂದು ಬರೆದರೆ ಪಂಚನಾಮೆ, ಕೋರ್ಟು, ಬೆಂಗಳೂರಿಗೆ ಓಡಾಟ, ಆರು ತಿಂಗಳಲ್ಲಿ ಮುಗಿಯುವಂಥದ್ದಲ್ಲ ಎಂಬುದು ಸಾಹೇಬರಿಗೂ ಗೊತ್ತಿತ್ತು. ಅವರು ಪಟ್ಟಿ ಮಡಚಿದರು.

"ಗುರುವಾರ ಬರತೀನಿ," ಎಂದರು. "ಕಾಗದದಾಗ ಇದ್ದಂಗ ಇರಬೇಕು. ಮೂಗು ಇರಬಾರದು, ತುಟಿ ಇರಬೇಕು. ಹೆಂಗ ಮಾಡ್ತಿ ಅಂತ ನನಗ ಹೇಳಬ್ಯಾಡ. ಇದ್ರ ಖಾಯಂ, ಇಲ್ಲಾಂದ್ರ ಪೊಲೀಸರು."

ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಹಂಪಣ್ಣ ಗಾಳೇಶನ ಹೆಗಲ ಮೇಲೆ ಕೈ ಇಟ್ಟ. "ಚಿಂತಿ ಮಾಡಬ್ಯಾಡೋ, ನಾವಿಲ್ಲೇನು? ತುಟಿ ಸೇವಾನೂ ನಂದನ." ಗಾಳೇಶನಿಗೆ ಆ ಕೈಯನ್ನು ಮುರಿಯಬೇಕೆನಿಸಿತು. ಅವನ ಕಣ್ಣು ರೂಪಾಳ ಮೇಲೆ ಬಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು, ಹತ್ಯಾರದ ಚೀಲ ಹುಡುಕಿಕೊಂಡು ಬಂದಿದ್ದ ರುದ್ರೇಶನ ಎದುರು ಹೋಗಿ ನಿಂತ. ಎರಡೂ ಕೈ ಜೋಡಿಸಿದ.

"ತುಟಿ ಹಚ್ಚಿಕೊಡಪಾ."

"ಹಚ್ಚೋಣು. ಸಿಮೆಂಟ್ ಇನ್ನೂ ಅರ್ಧ ಬುಟ್ಟಿ ಐತಿ," ಎಂದ ರುದ್ರೇಶ ಉದಾರವಾಗಿ. "ಆದ್ರ ಮೂಗು ಮಾಡಿದಂಗ ಅಂದಾಜಿನ್ಯಾಗ ತುಟಿ ಮಾಡಾಕ ಬರೂದಿಲ್ಲ. ಎದುರಿಗೆ ಒಬ್ರು ಕುಂತಿರಬೇಕು, ನೋಡಿ ನೋಡಿ ತೀಡಬೇಕು. ನೀನ ಕುಂದರು."

ಊರೆಲ್ಲ ಸುತ್ತ ನೆರೆಯಿತು. ಮುದಕಮ್ಮ ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ ಬಂದು ಕೂತಳು. ಗಾಳೇಶನನ್ನು ದ್ವಾರಪಾಲಕನ ಎದುರು ಕುರ್ಚಿಯ ಮೇಲೆ ಕೂರಿಸಿದರು. ಅವನಿಗೆ ಈ ಊರಿನ ಒಬ್ಬೊಬ್ಬರಿಗೂ ಹೇಳಬೇಕಾದದ್ದು ಬಹಳವಿತ್ತು. ಬೆಳಗಿನಿಂದ ಸೇರಿದ್ದೆಲ್ಲ ಗಂಟಲಿಗೆ ಬಂತು.

"ನಿಮ್ಮ..." ಎಂದು ಶುರು ಮಾಡಿದ.

"ಬಾಯಿ ಮುಚ್ಚು," ಎಂದ ರುದ್ರೇಶ ಸಿಮೆಂಟು ಮೆತ್ತುವ ಕರಣಿ ಎತ್ತಿ. "ಬಾಯಿ ತೆಗದ್ರ ತುಟಿ ಕಾಣೂದಿಲ್ಲ."

ಗಾಳೇಶ ಬಾಯಿ ಮುಚ್ಚಿದ.

"ಹಂಗ ಮಾರಿ ಗಂಟು ಹಾಕ್ಕೊಂಡ್ರ ಹೆಂಗೋ?" ಎಂದ ಹಂಪಣ್ಣ ಹಿಂದಿನಿಂದ. "ಸಾಹೇಬ್ರು ಓದಿದ್ದು ಕೇಳಲಿಲ್ಲೇನು? ಮಂದಹಾಸ ಅಂತ ಬರದೈತಿ. ನಗು."

ಗಾಳೇಶ ನಕ್ಕ.